ಇದು ಸರ್ಪಸುತ್ತಲ್ರೆವ್ವಾ, ತಾಟು ಬ್ಯಾರೆ ಇಡಬ್ಯಾಡ್ರಿ

ಸಿಂಧನೂರು, ಲಿಂಗಸುಗೂರು, ಮಸ್ಕಿ, ಎಲ್ಲೇ ಹೋಗ್ರಿ, ಮೈಮ್ಯಾಲೆ ನೀರುಗುಳ್ಳಿ ಎದ್ದಾವಂದ್ರ "ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸ್ಕೊಂಡು ಬಾ" ಅಂತಾರ. ಖರೇ ಸರ್ಪಸುತ್ತು ಮೈಯ ಒಂದೇ ಮಗ್ಗಲಕ್ಕ ಪಟ್ಟಿಯಂಗ ಏಳ್ತೈತಿ. ಎರಡು ಮೂರು ವಾರದಾಗ ಬಹಳ ಮಂದಿಗಿ ತಾನಾಗೇ ಒಣಗ್ತೈತಿ, ಹೆಸರು ಮಾತ್ರ ಮಣ್ಣು ಹಚ್ಚಿದವಗ! ಅದೇ ನಂಬಿಕಿ ಪೆಂಫಿಗಸ್ ಅನ್ನೋ ರೋಗಕ್ಕ ಹಚ್ಚಿದ್ರ ಜೀವಕ್ಕ ಕುತ್ತು, ಅದು ತಾನಾಗೇ ಮಾಯಂಗಿಲ್ಲ.

ಇದು ಬಹಳಷ್ಟು ಸಲ ಬಾಯಾಗಿಂದ ಸುರುವಾಗ್ತೈತಿ. ಬಾಯಿಹುಣ್ಣು ಅಂತ ತಿಂಗಳಗಟ್ಲೆ ಬಿ ಗುಳಿಗಿ ನುಂಗ್ತಾರ. ಆಮ್ಯಾಲೆ ತಲಿ, ಎದಿ, ಬೆನ್ನು. ಗುಳ್ಳಿ ಒಡದು ಚರ್ಮ ಸುಲದಂಗ ಆಗ್ತೈತಿ. ರೋಗದ ಕೂಡ ಹೊಡದಾಡಬೇಕಾದ ಮೈಯ ಶಕ್ತಿನೇ ದಾರಿ ತಪ್ಪಿ, ಚರ್ಮದ ಕಣ ಹಿಡದಿಟ್ಟ ಅಂಟನ್ನ ಕಡೀತೈತಿ. ಹೊರಗಿನ ಹುಳ ಅಲ್ಲ, ಹಂಗಾಗಿ ಒಬ್ರಿಂದ ಒಬ್ರಿಗಿ ಹತ್ತಂಗಿಲ್ಲ. ಆದ್ರೂ ಸೊಸಿಗಿ ತಾಟು ಬ್ಯಾರೆ, ಹಾಸಿಗಿ ಬ್ಯಾರೆ, ಕೂಸು ಮುಟ್ಟಬ್ಯಾಡ ಅಂತಾರ. ಮಗಗ ಬಂದ್ರ ಇಷ್ಟು ಮಡಿ ಮಾಡಿದ್ದು ನಾ ಎಲ್ಲೂ ಕಂಡಿಲ್ಲ.

ಇನ್ನೊಂದು ಮಾತಿಗಿ ನನಗ ಭಾಳ ಸಿಟ್ಟು: "ಸ್ಟಿರಾಯ್ಡ್ ಗುಳಿಗಿ ಮಾರಿ ಊದಸ್ತಾವ, ಬಿಟ್ಟುಬಿಡು." ಊದಸ್ತಾವ, ಸಕ್ಕರಿ ಏರಸ್ತಾವ, ಎಲುಬು ಸವಸ್ತಾವ, ಸುಳ್ಳಲ್ಲ. ಆದ್ರ 1950ರ ಹೊತ್ತಿಗಿ ಆ ಔಷಧ ಬರೋಕಿಂತ ಮುಂಚೆ ಈ ರೋಗ ಬಂದವ್ರು ಉಳಿಯೋದೇ ಕಮ್ಮಿ ಇತ್ತು. ಒಮ್ಮಿಂದೊಮ್ಮೆ ಬಿಟ್ರ ರೋಗ ಮತ್ತ ಎದ್ದು ಬರ್ತೈತಿ, ಬಿಪಿ ಕುಸದು ಜೀವಕ್ಕೂ ಎರವಾಗಬೌದು. ಗುಳಿಗಿ ಇಳಸೋದು ಡಾಕ್ಟ್ರ ಕೆಲಸ, ಓಣಿಯವ್ರದಲ್ಲ. 1980ರ ದಶಕದಾಗ ದಿಲ್ಲಿ ಏಮ್ಸ್‌ನ ಡಾ. ಪಸ್ರೀಚಾ ಅವ್ರು 28 ದಿನಕ್ಕೊಮ್ಮೆ, ಮೂರು ದಿನ ಗ್ಲೂಕೋಸ್ ಬಾಟಲಿಯಾಗ ಔಷಧ ಏರಿಸೋ ಪದ್ಧತಿ ತಂದ್ರು. ಈಗ ರಿಟುಕ್ಸಿಮ್ಯಾಬ್ ಅನ್ನೋ ಇಂಜಕ್ಷನ್ನೂ ಐತಿ, ಆದ್ರ ತುಟ್ಟಿ.

ರೊಕ್ಕ ಎಲ್ಲೈತಿ ಅಂತೀರಿ. ನಾಗದೋಷ ಅಂತ ಕಾರು ಮಾಡಿ ಪೂಜಿಗಿ ಹೋಗೋ ರೊಕ್ಕದಾಗ ರಾಯಚೂರು ರಿಮ್ಸ್‌ನ ಚರ್ಮದ ಡಾಕ್ಟ್ರ ಹತ್ರ ಬಸ್ಸಿನ್ಯಾಗ ಎಷ್ಟು ಸಲ ಹೋಗಿ ಬರಬೌದು, ಲೆಕ್ಕ ಹಾಕ್ರಿ. ಚರ್ಮದ ಚೂರು ತಗದು ಪರೀಕ್ಷಾ ಮಾಡಿಸಿದ್ರ ರೋಗ ಯಾವುದಂತ ಗೊತ್ತಾಗ್ತೈತಿ.

ಆರೈಕಿ ನಮ್ಮ ಕೈಯಾಗೇ ಐತಿ. ಒಡದ ಮೈಗಿ ಅರಿವಿ ಅಂಟ್ತೈತಿ, ಅದಕ್ಕ ಸ್ವಚ್ಛ ತೊಳದ ಬಾಳಿ ಎಲಿ ಹಾಸ್ರಿ, ದವಾಖಾನ್ಯಾಗೂ ಹಂಗ ಮಾಡ್ತಾರ. ಮುಟ್ಟೋ ಮುಂಚೆ ಕೈ ತೊಳ್ಕೊಳ್ರಿ. ನಿಮಗ ಹತ್ತತೈತಿ ಅಂತಲ್ಲ, ಆಕಿ ಹಸಿ ಗಾಯ ಕೀವು ಆಗಬಾರದು ಅಂತ. ಉಣ್ಣಾಕ ಖಾರ ಇಲ್ಲದ ತಣ್ಣನ ಗಂಜಿ ಕೊಡ್ರಿ, ಎಲ್ಲಾರೂ ಉಣ್ಣೋ ತಾಟಿನ್ಯಾಗೇ.