ಶಿಬಿರದ ಫೋಟೊ ಸಾಕು, ಮೊದಲು ಹಿಕ್ಕೆ ನೋಡಿ

ಮಳೆಗಾಲ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್‌ಗೆ ಒಂದೇ ನಮೂನೆಯ ಫೋಟೊ ಬರುತ್ತದೆ. ಶಾಲು ಹೊದ್ದ ನಾಲ್ಕು ಜನ, ನಡುವೆ ಒಂದು ಕುರಿಮರಿ, ಅದರ ಬಾಯಿಗೆ ಔಷಧದ ಸಿರಿಂಜ್. ಕೆಳಗೆ ಎರಡು ಸಾಲು: ಇಷ್ಟು ಸಾವಿರ ಕುರಿಗಳಿಗೆ ಉಚಿತ ಜಂತುನಾಶಕ ಕುಡಿಸಲಾಯಿತು, ಕುರಿಗಾಹಿಗಳು ಸದುಪಯೋಗ ಪಡೆಯಬೇಕು. ನಾವು ಅದನ್ನು ಹಾಗೇ ಟೈಪ್ ಮಾಡಿ ಡೆಸ್ಕಿಗೆ ಕಳಿಸುತ್ತೇವೆ. ಸುದ್ದಿಗೆ ಇಷ್ಟು ಅಂತ ದುಡ್ಡು ಸಿಗುವ ನಮಗೆ ಅದೂ ಒಂದು ಸುದ್ದಿ. ವರ್ಷಗಟ್ಟಲೆ ಇದನ್ನೇ ಮಾಡಿದ್ದೇವೆ, ಹಾಗಾಗಿ ಕೆಳಗಿನ ಬೈಗುಳದಲ್ಲಿ ನಮ್ಮ ಪಾಲೂ ಇದೆ.

ಈ ಸಲ ಶಿಬಿರ ಮುಗಿದ ಮೂರನೇ ವಾರ ಅದೇ ಹಟ್ಟಿಗೆ ಬೇರೆ ಕೆಲಸಕ್ಕೆ ಹೋಗಿದ್ದೆವು. ಯಜಮಾನರೊಬ್ಬರು ಮರಿಯೊಂದನ್ನು ಎತ್ತಿ ತೋರಿಸಿದರು. ಗದ್ದದ ಕೆಳಗೆ ನೀರು ತುಂಬಿದ ಬಾವು, ಕಣ್ಣಿನ ರೆಪ್ಪೆ ಎಳೆದರೆ ಒಳಗೆ ಸುಣ್ಣದಂತೆ ಬಿಳಿ. "ಔಷಧ ಕುಡಿಸಿದ ಮ್ಯಾಲೂ ಮರಿ ಸಾಯಾಕತ್ತಾವ ತಮ್ಮಾ. ನಿಮ್ಮ ಪೇಪರಿನ್ಯಾಗ ಎಲ್ಲಾ ಚಲೋ ಆತು ಅಂತ ಬಂದೈತಲ್ಲ?"

ನಾವು ಕೇಳಿದ ಕಡೆಯೆಲ್ಲ ಸಿಕ್ಕ ಉತ್ತರ ಒಂದೇ: ಕುರಿಗಾಹಿಗಳಿಗೆ ತಿಳಿವಳಿಕೆ ಇಲ್ಲ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಮರಿಯ ರಕ್ತ ಬತ್ತಿಸುವ ಮುಖ್ಯ ಹುಳು ಹಿಮಾಂಕಸ್. ಎರಡು-ಮೂರು ಸೆಂಟಿಮೀಟರ್ ಉದ್ದದ, ದಾರದಂಥ ಹುಳು. ಕುರಿಯ ನಾಲ್ಕನೇ ಹೊಟ್ಟೆಗೆ ಕಚ್ಚಿಕೊಂಡು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಖಾಲಿ ಮಾಡುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿ.ಲೀ. ಹತ್ತು ಕೆ.ಜಿ. ಮರಿಯ ಮೈಯಲ್ಲಿರುವ ರಕ್ತವೇ ಮುಕ್ಕಾಲು ಲೀಟರ್ ದಾಟುವುದಿಲ್ಲ. ಎಷ್ಟು ದಿನ ತಡೆದೀತು ನೀವೇ ಲೆಕ್ಕ ಹಾಕಿ. ಈ ಹುಳಕ್ಕೆ ಸಾಮಾನ್ಯವಾಗಿ ಭೇದಿಯೂ ಆಗುವುದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಅಕ್ಕಿಕಾಳಿನಂತೆ ಹಿಕ್ಕೆಯಲ್ಲಿ ಕಾಣುವ ಲಾಡಿಹುಳ ಅಷ್ಟು ಕೇಡು ಮಾಡುವುದಿಲ್ಲ, ಆದರೆ ಕಾಣುತ್ತದಲ್ಲ, ಎಲ್ಲರ ಸಿಟ್ಟು ಅದರ ಮೇಲೆ. ಕೊಲ್ಲುವ ಹುಳದ ಮೊಟ್ಟೆ ನೋಡಲು ಸೂಕ್ಷ್ಮದರ್ಶಕ ಬೇಕು.

ಶಿಬಿರದಲ್ಲಿ ನಾವು ಕಂಡದ್ದೇನು? ತಕ್ಕಡಿ ಇರಲಿಲ್ಲ. ದೊಡ್ಡ ಟಗರಿಗೂ ಸಣ್ಣ ಕುರಿಗೂ ಒಂದೇ ಅಳತೆ. ಶೇ 2.5ರ ಆಲ್ಬೆಂಡಜೋಲ್ ದ್ರಾವಣವನ್ನು ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕದಲ್ಲಿ ಕೊಟ್ಟರೂ ಹತ್ತು ಕೆ.ಜಿ. ಮರಿಗೆ 2 ಮಿ.ಲೀ., ಮೂವತ್ತು ಕೆ.ಜಿ. ಕುರಿಗೆ 6 ಮಿ.ಲೀ. ಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಬಲಹೀನ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿದು ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುವಂಥದ್ದು. ಗಬ್ಬದ ಕುರಿಗಳನ್ನೂ ಸಾಲಿನಲ್ಲಿ ನಿಲ್ಲಿಸಿದ್ದರು. ಗಬ್ಬ ನಿಂತ ಮೊದಲ ತಿಂಗಳು ಆಲ್ಬೆಂಡಜೋಲ್ ಕೊಡಬಾರದೆಂದು ಅಲ್ಲಿ ಒಬ್ಬರೂ ಹೇಳಲಿಲ್ಲ.

ಇನ್ನು ಔಷಧದಂಗಡಿ. ಈ ಬಾಟಲಿ ಕೆಲಸ ಮಾಡಲಿಲ್ಲವೇ, ಬೇರೆ ತಗೊಳ್ಳಿ ಅಂತ ಫೆನ್‌ಬೆಂಡಜೋಲ್ ಕೊಡುತ್ತಾರೆ. ಅದೂ ಆಲ್ಬೆಂಡಜೋಲ್‌ನ ದಾಯಾದಿಯೇ. ಒಂದಕ್ಕೆ ಬಗ್ಗದ ಹುಳ ಇನ್ನೊಂದಕ್ಕೂ ಬಗ್ಗುವುದು ಕಷ್ಟ. ಕುರಿಗಾಹಿಯ ದುಡ್ಡು ಮಾತ್ರ ಎರಡು ಸಲ ಹೋಯಿತು. ಒಂದೆರಡು ತಿಂಗಳ ಮರಿಗೆ ರಕ್ತ ಬೆರೆತ ಭೇದಿ ಹತ್ತಿದ್ದರೆ ಅದು ಬಹಳ ಸಲ ಕಾಕ್ಸಿಡಿಯಾ. ಅದು ಹುಳುವೇ ಅಲ್ಲ, ಜಂತಿನ ಔಷಧ ಅದನ್ನು ಮುಟ್ಟುವುದೂ ಇಲ್ಲ.

ಯಜಮಾನರ ಹಟ್ಟಿಯಲ್ಲಿ ಔಷಧ ಸೋತಿತೋ, ಅಳತೆ ಸಾಲಲಿಲ್ಲವೋ, ಮಳೆಯ ಹಸಿಹುಲ್ಲಿನಿಂದ ಮತ್ತೆ ಹುಳ ಹತ್ತಿತೋ? ಹಿಕ್ಕೆ ನೋಡದೆ ಯಾರೂ ಹೇಳಲಾರರು. ಔಷಧ ಕೊಡುವ ದಿನ ಒಮ್ಮೆ, ಹತ್ತು-ಹದಿನಾಲ್ಕು ದಿನ ಬಿಟ್ಟು ಒಮ್ಮೆ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿದರೆ ಗೊತ್ತಾಗುತ್ತದೆ. ಎಣಿಕೆ ಶೇ 95ರಷ್ಟಾದರೂ ಇಳಿಯದಿದ್ದರೆ ಔಷಧವನ್ನೇ ಅನುಮಾನಿಸಬೇಕು. ಇದಕ್ಕೆ ಬೇಕಾದ್ದು ಸೂಕ್ಷ್ಮದರ್ಶಕ, ಉಪ್ಪುನೀರು, ಎಣಿಸುವ ಗಾಜಿನ ಪಟ್ಟಿ, ಕೂತು ನೋಡುವ ಒಬ್ಬ ಮನುಷ್ಯ. ನಾವು ಹೋದ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಹೊದಿಸಿದ ಬಟ್ಟೆಯ ಮೇಲೆ ಧೂಳು ಕೂತಿತ್ತು. ಡಾಕ್ಟರನ್ನು ದೂರುವುದೂ ಕಷ್ಟ, ಅವರೊಬ್ಬರೇ ಮೂರು ಆಸ್ಪತ್ರೆ ನೋಡಿಕೊಳ್ಳುತ್ತಾರೆ.

ದಕ್ಷಿಣ ಆಫ್ರಿಕಾದ ಪಶುವೈದ್ಯರು 1990ರ ದಶಕದಲ್ಲೇ ಒಂದು ದಾರಿ ಮಾಡಿದರು. ಫಮಾಚಾ ಎಂಬ ಕಾರ್ಡು, ಅದರಲ್ಲಿ ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣ. ಕೆಳರೆಪ್ಪೆಯ ಒಳಬಣ್ಣವನ್ನು ಅದಕ್ಕೆ ಹೋಲಿಸಿ, ಬಿಳಿಚಿದ ಕುರಿಗಷ್ಟೇ ಔಷಧ. ಮಂದೆಯ ಹೆಚ್ಚಿನ ಹುಳ ಕೆಲವೇ ಕುರಿಗಳಲ್ಲಿರುತ್ತದೆ, ಉಳಿದವಕ್ಕೆ ಕುಡಿಸುವ ಜರೂರಿಲ್ಲ. ಮರಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಳಿಚಿದರೂ ಬಿಡಬಾರದು. ಅಂದ ಹಾಗೆ, ರೆಪ್ಪೆ ಎಳೆದು ತೋರಿಸಿದ್ದು ಕಾರ್ಡಿನ ಹೆಸರೇ ಕೇಳದ ಯಜಮಾನರು. ತಿಳಿವಳಿಕೆ ಇಲ್ಲದವರು ಯಾರು ಹಾಗಾದರೆ?

ಕುರಿ ಸತ್ತರೆ ಪರಿಹಾರಕ್ಕೆ 'ಅನುಗ್ರಹ' ಯೋಜನೆ ಇದೆ, ಇರಲಿ, ಬೇಕು. ಅದೇ ಸರ್ಕಾರ ಬದುಕಿರುವ ಮರಿಯ ಹಿಕ್ಕೆ ನೋಡಲು ತಾಲ್ಲೂಕಿಗೆ ಒಬ್ಬ ತಂತ್ರಜ್ಞನನ್ನು ಕೊಡಲಿ. ಶಿಬಿರಕ್ಕೆ ಶಾಮಿಯಾನದ ಬದಲು ತಕ್ಕಡಿ ಬರಲಿ.

ಮೊನ್ನೆ ಮುಂದಿನ ಶಿಬಿರದ ಪ್ರಕಟಣೆ ಬಂತು. ತಕ್ಕಡಿ ಇರುತ್ತದೆಯೇ, ಹಿಂದಿನ ಸಲದ ಹಿಕ್ಕೆ ಪರೀಕ್ಷೆಯ ಫಲಿತಾಂಶ ಏನು ಎಂದು ತಿರುಗಿ ಕೇಳಿದೆವು. ಎರಡು ನೀಲಿ ಟಿಕ್ ಬಿದ್ದಿವೆ. ಉತ್ತರ ಬರುವ ತನಕ ಈ ಸುದ್ದಿ ನಮ್ಮಿಂದ ಡೆಸ್ಕಿಗೆ ಹೋಗುವುದಿಲ್ಲ.