ಹಾಲಿಗೆ ತಕ್ಕಡಿ, ಗ್ಯಾಸಿಗೆ ಅಂದಾಜು

ಶೀತಕ ಅನಿಲದ ಕಳವು ಮತ್ತು ದುರ್ಬಳಕೆ ಬೆಂಗಳೂರಿನ ಗಾಜಿನ ಕಟ್ಟಡಗಳ ತಲೆನೋವೇ ಹೊರತು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂತಹ ಬೇಸಾಯದ ತಾಲ್ಲೂಕುಗಳಿಗೆ ಸಂಬಂಧಿಸಿದ್ದಲ್ಲ ಎಂದು ವಾದಿಸುವವರು, ಹಳ್ಳಿಯ ಡೇರಿಯೊಳಗೆ ಒಮ್ಮೆಯೂ ಕಾಲಿಟ್ಟವರಂತೆ ಕಾಣುವುದಿಲ್ಲ. ಕೆಚ್ಚಲಿನಿಂದ ಹಸುವಿನ ಮೈಬಿಸಿಯಲ್ಲೇ ಬರುವ ಹಾಲನ್ನು ಕೆಲವೇ ಗಂಟೆಗಳಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸದಿದ್ದರೆ ಅದು ಹುಳಿಯಾಗುತ್ತದೆ. ಆ ಕೆಲಸಕ್ಕೆಂದೇ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಬಿಎಂಸಿ ಎಂದು ಕರೆಯುವ ಶೈತ್ಯ ತೊಟ್ಟಿಗಳಿವೆ, ಆ ತೊಟ್ಟಿಗಳ ಜೀವಾಳವೇ ಶೀತಕ ಅನಿಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಕಾಯುವ ಪೆಟ್ಟಿಗೆಯಾಗಲಿ, ಮೈಸೂರು ಹೆದ್ದಾರಿಯಲ್ಲಿ ಓಡುವ ಕಾರಿನ ಏಸಿಯಾಗಲಿ, ಔಷಧಿ ಅಂಗಡಿಯ ಫ್ರಿಜ್ ಆಗಲಿ ಈ ಅನಿಲವಿಲ್ಲದೆ ಬರಿಯ ತಗಡು. ಕಾಲುವೆ ನೀರು ಕಾಣದ ಮಳೆಯಾಶ್ರಿತ ಹಳ್ಳಿಗಳಲ್ಲಿ ಹಸು ಕಟ್ಟಿ ಬದುಕುವ ಮನೆಗೆ ಹಾಲಿನ ಬಟವಾಡೆಯೇ ಮನೆಖರ್ಚಿನ ಆಧಾರವಾಗಿರುವಾಗ, ತೊಟ್ಟಿಯ ಗ್ಯಾಸ್ ಸೋರುವುದೆಂದರೆ ಆ ಮನೆಯ ಸಂಪಾದನೆಯೇ ಸೋರುವುದು.

ಶೀತಕ ಅನಿಲವೆಂದರೆ ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಆವಿಯಾಗಿ, ಪುನಃ ದ್ರವವಾಗಿ ಸುತ್ತುತ್ತ, ಒಳಗಿನ ಬಿಸಿಯನ್ನು ಹೀರಿ ಹೊರಗೆ ಬಿಡುವ ವಸ್ತು. ಡೀಸೆಲ್ಲಿನಂತೆ ಅದು ಉರಿದು ಮುಗಿಯುವುದಿಲ್ಲ, ಬ್ಯಾಟರಿಯ ನೀರಿನಂತೆ ಇಂಗುವುದಿಲ್ಲ. ಕೊಳವೆ ಸೋರದಿದ್ದರೆ ಮೊದಲ ದಿನ ತುಂಬಿದ ಅನಿಲವೇ ಯಂತ್ರದ ಕೊನೆಯ ದಿನದವರೆಗೂ ಉಳಿಯುತ್ತದೆ. ಹೀಗಿರುವಾಗ ಪ್ರತಿ ಬೇಸಿಗೆಯಲ್ಲೂ ‘ಗ್ಯಾಸ್ ಮುಗಿದಿದೆ, ಹಾಕಿಸಬೇಕು’ ಎಂಬ ಮಾತು ಕೇಳಿಬರುವುದಕ್ಕೆ ಎರಡೇ ಅರ್ಥ ಸಾಧ್ಯ: ಒಂದೋ ಕೊಳವೆ ಎಲ್ಲೋ ಸೋರುತ್ತಿದೆ ಮತ್ತು ಆ ತೂತನ್ನು ಮುಚ್ಚದೆ ಬಿಡಲಾಗಿದೆ, ಇಲ್ಲವೇ ಮುಗಿಯದ ಅನಿಲವನ್ನು ಮುಗಿದಿದೆಯೆಂದು ಹೇಳಿ ಹಣ ಪಡೆಯಲಾಗುತ್ತಿದೆ. ಮೊದಲನೆಯದು ವಾತಾವರಣಕ್ಕೆ ಬಗೆವ ದ್ರೋಹ, ಎರಡನೆಯದು ನೇರ ಕಳ್ಳತನ. ಹಳೆಯ ಯಂತ್ರದಲ್ಲಿ ಉಳಿದಿದ್ದ ಒಳ್ಳೆಯ ಅನಿಲವನ್ನು ಮಾಲೀಕನಿಗೆ ತಿಳಿಸದೆ ತೆಗೆದು ಬೇರೆಯವರಿಗೆ ಮಾರುವುದೂ ಕಳ್ಳತನವೇ. ತಾಮ್ರದ ಆಸೆಗೆ ಕೊಳವೆ ಕತ್ತರಿಸುವವನು ಒಯ್ಯುವುದು ಲೋಹವನ್ನು ಮಾತ್ರ, ಗಾಳಿಗೆ ಬಿಡುವುದು ಇಡೀ ಯಂತ್ರದ ಅನಿಲವನ್ನು.

ಇಲ್ಲಿ ಪದೇ ಪದೇ ಹೇಳಬೇಕಾದ ಒಂದು ಮಾತಿದೆ. ಡೇರಿಯ ಬಾಗಿಲಲ್ಲಿ ನಿಂತ ರೈತ ಮಹಿಳೆಯ ಹಾಲನ್ನು ತೂಗಲಾಗುತ್ತದೆ, ಅದರ ಸಾಂದ್ರತೆಯ ಡಿಗ್ರಿ ನೋಡಲಾಗುತ್ತದೆ, ಜಿಡ್ಡಿನ ಅಂಶವನ್ನು ದಶಮಾಂಶದವರೆಗೆ ಅಳೆದು ಬೆಲೆ ಕಟ್ಟಲಾಗುತ್ತದೆ. ಆದರೆ ಅದೇ ಹಾಲನ್ನು ಕಾಪಾಡುವ ತೊಟ್ಟಿಗೆ ಗ್ಯಾಸ್ ಹಾಕುವಾಗ ಎಷ್ಟು ಕಿಲೋ ಒಳಗೆ ಹೋಯಿತೆಂದು ತೂಗಿ ಬರೆದಿಡುವವರು ಅಪರೂಪ. ಯಾವ ಅನಿಲ, ಎಷ್ಟು ತೂಕ ಎಂಬ ವಿವರ ಯಂತ್ರದ ಮೈಮೇಲಿನ ಫಲಕದಲ್ಲೇ ಅಚ್ಚಾಗಿರುತ್ತದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ತುಂಬಿದರೆ ತೂಕದ ಮೋಸಕ್ಕೆ ಜಾಗವೇ ಇರುವುದಿಲ್ಲ. ಗೇಜಿನ ಮುಳ್ಳು ನೋಡಿ, ಕೊಳವೆಯನ್ನು ಕೈಯಿಂದ ಮುಟ್ಟಿ ‘ಸಾಕು’ ಎನ್ನುವ ಪದ್ಧತಿಯನ್ನು ಅನುಭವದ ಹೆಸರಿನಲ್ಲಿ ಸಮರ್ಥಿಸುವವರು, ಹಾಲನ್ನೂ ಹಾಗೆಯೇ ಕಣ್ಣಳತೆಯಲ್ಲಿ ಕೊಳ್ಳಲು ಒಪ್ಪುವರೇ? 2021ರಲ್ಲಿ ಮಂಡ್ಯ ಹಾಲು ಒಕ್ಕೂಟಕ್ಕೆ ಬರುತ್ತಿದ್ದ ಟ್ಯಾಂಕರುಗಳಲ್ಲಿ ಹಾಲಿನೊಡನೆ ನೀರು ಸಾಗಿಸಿದ ಹಗರಣ ಬಯಲಾದಾಗ ಜಿಲ್ಲೆಗೆ ಜಿಲ್ಲೆಯೇ ಕೆರಳಿತ್ತು, ಕೆರಳಬೇಕಾದದ್ದೂ ನ್ಯಾಯವೇ. ಹಾಲಿನಲ್ಲಿ ನೀರು ಬೆರೆತರೆ ಹೊತ್ತಿಕೊಳ್ಳುವ ಆ ಸಿಟ್ಟು, ತೊಟ್ಟಿಯ ಕೊಳವೆಯಲ್ಲಿ ಕಲಬೆರಕೆ ಅನಿಲ ತುಂಬಿದಾಗ ಯಾಕೆ ಮೂಡುವುದಿಲ್ಲ?

ಕಲಬೆರಕೆಯಿಂದ ಆಗುವ ಹಾನಿ ಹಣಕ್ಕೆ ನಿಲ್ಲುವುದಿಲ್ಲ. ಹಳೆಯ ಶೈತ್ಯಯಂತ್ರಗಳಲ್ಲಿರುವ ಆರ್-22 ಎಂಬ ಅನಿಲವು ಸೊನ್ನೆಗಿಂತ ಸುಮಾರು 41 ಡಿಗ್ರಿ ಕೆಳಗೆ ಕುದಿಯುತ್ತದೆ, ಅಡುಗೆ ಅನಿಲದ ಮುಖ್ಯ ಭಾಗಗಳಲ್ಲೊಂದಾದ ಪ್ರೊಪೇನ್ 42 ಡಿಗ್ರಿ ಕೆಳಗೆ. ಈ ಹತ್ತಿರದ ಹೋಲಿಕೆಯೇ ಅಗ್ಗದ ಅಡ್ಡದಾರಿಗೆ ಎಡೆಮಾಡಿಕೊಡುತ್ತದೆ: ಆರ್-22 ಇದ್ದ ಕಡೆ ಅಡುಗೆ ಅನಿಲ ತುಂಬಿದರೂ ಯಂತ್ರ ತಣ್ಣಗಾಗುತ್ತದೆ, ಮಾಲೀಕನಿಗೆ ಏನೂ ತಿಳಿಯುವುದಿಲ್ಲ. ಆದರೆ ಆರ್-22 ಸುಲಭಕ್ಕೆ ಹೊತ್ತುವ ವಸ್ತುವಲ್ಲ. ಪ್ರೊಪೇನ್ ಗಾಳಿಯಲ್ಲಿ ಶೇ. 2ರಷ್ಟು ಬೆರೆತರೆ ಸಾಕು, ಒಂದು ಸ್ವಿಚ್ಚಿನ ಕಿಡಿಗೆ ಕೋಣೆಯೇ ಸಿಡಿಯುತ್ತದೆ. ಪ್ರೊಪೇನನ್ನೇ ಬಳಸುವ ಏಸಿಗಳು ಮಾರುಕಟ್ಟೆಯಲ್ಲಿವೆಯಲ್ಲ ಎಂದು ಕೇಳುವವರು, ಆ ಯಂತ್ರಗಳನ್ನು ಮೊದಲಿನಿಂದಲೇ ಕಿಡಿ ತಾಗದಂತೆ ರೂಪಿಸಿ, ಶುದ್ಧ ಅನಿಲವನ್ನು ಮಿತ ತೂಕದಲ್ಲಿ ತುಂಬಲಾಗಿರುತ್ತದೆ ಎಂಬುದನ್ನು ಮುಚ್ಚಿಡುತ್ತಾರೆ. ಇನ್ನೂ ಘೋರವಾದದ್ದು, ಸೋರಿಕೆ ಪರೀಕ್ಷಿಸಲು ಸಾರಜನಕ ತರುವ ಬದಲು ಬೆಸುಗೆಗೆಂದು ಪಕ್ಕದಲ್ಲೇ ಇರುವ ಆಮ್ಲಜನಕದ ಸಿಲಿಂಡರನ್ನು ಕೊಳವೆಗೆ ಜೋಡಿಸುವುದು; ಒತ್ತಡದಲ್ಲಿರುವ ಆಮ್ಲಜನಕ ಕಂಪ್ರೆಸರಿನ ಎಣ್ಣೆಯನ್ನು ಸೇರಿದರೆ ಅದು ಬಾಂಬಿಗೆ ಸಮ. ಅನಿಲ ಉಳಿದ ಕೊಳವೆಗೆ ಬೆಸುಗೆಯ ಬೆಂಕಿ ತಾಗಿಸಿದರೆ ಆರ್-22 ಒಡೆದು ಹೈಡ್ರೋಜನ್ ಫ್ಲೋರೈಡ್, ಫಾಸ್ಜೀನ್‌ನಂತಹ ವಿಷಗಳಾಗುತ್ತದೆ. ಇವೆಲ್ಲಕ್ಕೂ ಮೊದಲು ಬಲಿಯಾಗುವವನು ರಿಪೇರಿಗೆ ಬಂದ, ಸ್ಪ್ಯಾನರ್ ಹಿಡಿದ ಹುಡುಗನೇ.

ಇದು ಬರಿಯ ಭಯವಲ್ಲ ಎಂಬುದಕ್ಕೆ ಜಗತ್ತು ಈಗಾಗಲೇ ಬೆಲೆ ತೆತ್ತಿದೆ. 2011ರಲ್ಲಿ ಹಡಗುಗಳ ಶೈತ್ಯ ಕಂಟೇನರುಗಳು ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲ್‌ಗಳಲ್ಲಿ ಒಟ್ಟು ಮೂವರು ಕೆಲಸಗಾರರು ಸತ್ತರು. ಆರ್-134ಎ ಎಂಬ ಹೆಸರಿನಲ್ಲಿ ತುಂಬಿದ ನಕಲಿ ಅನಿಲದೊಳಗಿದ್ದ ಮೀಥೈಲ್ ಕ್ಲೋರೈಡ್, ಯಂತ್ರದ ಅಲ್ಯೂಮಿನಿಯಮ್ಮಿನೊಡನೆ ಸೇರಿ, ಗಾಳಿ ತಾಗಿದ ಕೂಡಲೇ ಹೊತ್ತುವ ಸಂಯುಕ್ತವಾಗಿ ಮಾರ್ಪಟ್ಟಿತ್ತು. ಆರ್-134ಎ ನಮ್ಮ ಕಾರುಗಳ ಏಸಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಅನಿಲ.

ಎಲ್ಲ ತಪ್ಪನ್ನೂ ಹಳ್ಳಿಯ ಮೆಕ್ಯಾನಿಕ್ಕಿನ ತಲೆಗೆ ಕಟ್ಟುವವರ ಮಾತನ್ನೂ ಒಪ್ಪಲಾಗದು. ಓಜೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, ಅದರಂತೆ 2000ದಲ್ಲಿ ನಿಯಮಗಳನ್ನೂ ಮಾಡಿತು. ಅದೇ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿತು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಓಜೋನಿಗೆ ಹಾನಿ ಮಾಡುವ ಆರ್-22ರ ಬಳಕೆ 2030ರ ಹೊತ್ತಿಗೆ ಬಹುಪಾಲು ನಿಲ್ಲಬೇಕು. ದೆಹಲಿಯಲ್ಲಿ ಸಹಿ ಬೀಳುತ್ತದೆ, ಸೆಪ್ಟೆಂಬರ್ 16ರಂದು ಓಜೋನ್ ದಿನದ ಭಾಷಣವಾಗುತ್ತದೆ, ಆದರೆ ತಕ್ಕಡಿ, ವ್ಯಾಕ್ಯೂಮ್ ಪಂಪ್, ಅನಿಲವನ್ನು ಹಿಂದಕ್ಕೆ ಹಿಡಿದಿಡುವ ಯಂತ್ರ ಇವು ಕೆ.ಆರ್. ಪೇಟೆಯ ಸಂತೆಬೀದಿಯ ರಿಪೇರಿ ಅಂಗಡಿಯವನ ಕೈಗೆಟಕುವ ಬೆಲೆಗೆ ಬರುವಂತೆ ಮಾಡಲು ಯಾರೂ ಮುಂದಾಗುವುದಿಲ್ಲ. ಊರಿಗೆ ಬರುವ ಪ್ರತಿಯೊಂದು ಒಳ್ಳೆಯ ಕಾನೂನಿನ ಗತಿಯೂ ಇದೇ: ದಂಡದ ಪಟ್ಟಿ ಮೊದಲು ಬರುತ್ತದೆ, ಸಲಕರಣೆ ಕೊನೆಗೂ ಬರುವುದಿಲ್ಲ. ವಿದ್ಯುತ್ ಕಳವಿಗೆ 2003ರ ಕಾಯ್ದೆಯಲ್ಲಿ ಪ್ರತ್ಯೇಕ ಕಲಮಿದೆ, ಹಿಡಿಯಲು ಜಾಗೃತ ದಳವಿದೆ. ವಾತಾವರಣಕ್ಕೆ ಬಿಟ್ಟ ಒಂದು ಕಿಲೋ ಆರ್-22 ನೂರು ವರ್ಷಗಳಲ್ಲಿ ಸುಮಾರು 1,810 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. ಅದನ್ನು ಕೇಳಲು ತಾಲ್ಲೂಕು ಮಟ್ಟದಲ್ಲಿ ಒಬ್ಬ ಅಧಿಕಾರಿಯೂ ಗೊತ್ತುಪಡಿಸಿದಂತೆ ಕಾಣುವುದಿಲ್ಲ. ಆ ಬಿಸಿ ಮುಂಗಾರನ್ನು ಕೆಡಿಸಿದರೆ ಮೊದಲು ಒಣಗುವುದು ನಾಗಮಂಗಲದ ರಾಗಿ ಹೊಲ.

ಒಕ್ಕೂಟವೂ ಸಂಘಗಳೂ ಸರ್ಕಾರದ ದಾರಿ ಕಾಯಬೇಕಾಗಿಲ್ಲ. ಪ್ರತಿ ಡೇರಿಯ ಗೋಡೆಯ ಮೇಲೆ ಹಾಲಿನ ದರದ ಪಕ್ಕದಲ್ಲೇ, ತೊಟ್ಟಿಗೆ ಯಾವ ಅನಿಲ ಬೇಕು, ಎಷ್ಟು ಕಿಲೋ ಬೇಕು, ಕಳೆದ ಬಾರಿ ಯಾವ ದಿನ ಎಷ್ಟು ಕಿಲೋ ತೂಗಿ ತುಂಬಲಾಯಿತು, ಸೋರಿದ್ದೆಲ್ಲಿ, ಮುಚ್ಚಿದವರಾರು ಎಂಬುದನ್ನು ಸುಣ್ಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು. ಎರಡನೆಯ ಬಾರಿ ಗ್ಯಾಸ್ ಹಾಕಿಸುವ ಬಿಲ್ಲು ಬಂದಾಗ ಮೊದಲ ತೂತಿನ ಲೆಕ್ಕ ಕೇಳದೆ ಕಾರ್ಯದರ್ಶಿ ಸಹಿ ಹಾಕಬಾರದು.