ಎಂಜಿನಿನ ಮೇಲಣ ಮುಚ್ಚಳ

ಮೋಟಾರು ಗಾಡಿಯ ಬಾನೆಟ್ಟನ್ನೆತ್ತಿದರೆ ತಂತಿಗಳೂ ಕೊಳವೆಗಳೂ ಒಂದರ ಮೇಲೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಇವನ್ನು ಮರೆಮಾಡಲು ಗಾಜಿನ ನಾರಿನ ಮುಚ್ಚಳವೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಹವ್ಯಾಸವು ಕೆಲವರಲ್ಲಿ ಉಂಟು. ಕೈಗೆಲಸವೆಂದು ನೋಡಿದರೆ ಇದು ಶ್ಲಾಘ್ಯವೇ ಸರಿ. ಆದರೆ ಆ ಮುಚ್ಚಳವು ಇರತಕ್ಕ ಸ್ಥಳವು ಒಲೆಯ ನೆರೆಯೆಂಬುದನ್ನು ಮರೆಯಲಾಗದು.

ತತ್ತ್ವವು ಹೊಸದಲ್ಲ. ನಮ್ಮ ಹಿರಿಯರು ಮಣ್ಣಿಗೆ ಹುಲ್ಲನ್ನು ಕಲಸಿ ಗೋಡೆಯೆತ್ತಿದ್ದೂ ಇದೇ ಯುಕ್ತಿಯಿಂದ. ಇಲ್ಲಿ ಹುಲ್ಲಿಗೆ ಬದಲು ಗಾಜಿನ ನಾರು, ಮಣ್ಣಿಗೆ ಬದಲು ರೆಸಿನ್ ಎಂಬ ಕೃತಕ ರಾಳ. ಅಮೆರಿಕದ ಷೆವ್ರೊಲೆ ಕಂಪೆನಿಯವರು 1953ರಲ್ಲಿ ಕಾರ್ವೆಟ್ ಗಾಡಿಯ ಮೈಯನ್ನೇ ಹೀಗೆ ಮಾಡಿದರು. ಆ ವರ್ಷ ಹೊರಬಿದ್ದವು 300 ಗಾಡಿಗಳು.

ಮೊದಲು ಎಂಜಿನಿನ ಎತ್ತರದ ಭಾಗಗಳ ಮೇಲೆ ಮೆತ್ತನೆಯ ಜೇಡಿಯ ಉಂಡೆಗಳನ್ನಿಟ್ಟು ಬಾನೆಟ್ಟನ್ನು ಮುಚ್ಚಿ ತೆರೆಯಬೇಕು. ಉಂಡೆಯು ಎಷ್ಟು ದಪ್ಪ ಉಳಿಯಿತೋ ಅಷ್ಟೇ ತೆರಪು. ಬಳಿಕ ರಟ್ಟಿನಿಂದ ಆಕಾರ ತೆಗೆದು ಅಚ್ಚು ಮಾಡಿ, ಮೇಣ ಬಳಿದು, ರಾಳದಲ್ಲಿ ತೋಯ್ದ ನಾರುಬಟ್ಟೆಯನ್ನು ಪದರಪದರವಾಗಿ ಹಾಸಿ ಗಾಳಿಗುಳ್ಳೆಗಳನ್ನು ಒತ್ತಿ ಹೊರಡಿಸುವುದು. ಅಚ್ಚು ಥರ್ಮೋಕೋಲಿನದಾದರೆ ಪಾಲಿಯೆಸ್ಟರ್ ರಾಳವು ಅದನ್ನು ಕರಗಿಸಿಬಿಡುವುದು. ಎಪಾಕ್ಸಿ ರಾಳವು ಹಾಗೆ ಮಾಡದು.

ಆದರೆ ಎಪಾಕ್ಸಿಯೆಲ್ಲವೂ ಒಂದೇ ಅಲ್ಲ. ಬರಿಯ ಕೋಣೆಯ ಶಾಖದಲ್ಲಿ ಗಟ್ಟಿಯಾದ ಸಾಧಾರಣ ಎಪಾಕ್ಸಿಯು ಸುಮಾರು 50-60 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಮೆತ್ತಗಾಗತೊಡಗುವುದುಂಟು. ಓಡುವ ಎಂಜಿನಿನ ತಂಪುನೀರೇ ಸುಮಾರು 90 ಡಿಗ್ರಿ ಇರುವುದಷ್ಟೆ. ಹೊಗೆಕೊಳವೆಯ ಶಾಖವಂತೂ ನೂರಾರು ಡಿಗ್ರಿ. ಮೆತ್ತಗಾಗಿ ಕುಸಿದ ಮುಚ್ಚಳವು ಆ ಕೊಳವೆಗೆ ತಗುಲಿದರೆ ಬೆಂಕಿ ಹತ್ತುವುದಕ್ಕೆ ಬೇರೆ ಕಾರಣ ಬೇಡ. ಆದಕಾರಣ ಹೆಚ್ಚು ಶಾಖವನ್ನು ತಾಳುವ ರಾಳವನ್ನೇ ಕೊಂಡು, ತಯಾರಕರು ಹೇಳಿದ ಕ್ರಮದಲ್ಲಿ ಕಾಯಿಸಿ ಹದಗೊಳಿಸಬೇಕು. ಈ ಕಾಯಿಸುವಿಕೆಯು ಅಡಿಗೆಯ ಒಲೆಯಲ್ಲಾಗಲಿ ಓವನ್ನಿನಲ್ಲಾಗಲಿ ಸರ್ವಥಾ ಕೂಡದು. ಹೊಗೆಕೊಳವೆಯ ಮೇಲ್ಗಡೆಯನ್ನು ಮುಚ್ಚದೆ ಬಿಡುವುದೇ ಲೇಸೆಂದು ನಮ್ಮ ಮತ.

ಮನೆಯ ಯಜಮಾನರು ವಿಶೇಷವಾಗಿ ಗಮನಿಸಬೇಕಾದುದು ಪಾಲಿಯೆಸ್ಟರ್ ರಾಳದೊಡನೆ ಬರುವ ಪುಟ್ಟ ಸೀಸೆ. ಅದರಲ್ಲಿರುವುದು ಸಾಮಾನ್ಯವಾಗಿ ಎಂ.ಇ.ಕೆ.ಪಿ. ಎಂಬ ಪೆರಾಕ್ಸೈಡು. 100 ಗ್ರಾಮು ರಾಳಕ್ಕೆ 1ರಿಂದ 2 ಗ್ರಾಮು ಸಾಕು. ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ಕೂಡಲೆ ಧಾರಾಳವಾಗಿ ನೀರಿನಿಂದ ತೊಳೆಯುತ್ತ ವೈದ್ಯರಲ್ಲಿಗೆ ಓಡತಕ್ಕದ್ದು. ಕೋಬಾಲ್ಟ್ ವೇಗವರ್ಧಕವನ್ನು ಇದಕ್ಕೆ ನೇರವಾಗಿ ಬೆರೆಸಿದರೆ ಸಿಡಿದೇಳುವ ಭಯವುಂಟು. ಒಂದನ್ನು ರಾಳದಲ್ಲಿ ಪೂರ್ಣವಾಗಿ ಕಲಸಿದ ಮೇಲೆಯೇ ಇನ್ನೊಂದು. ಕಣ್ಣಿಗೆ ಕನ್ನಡಕ, ಕೈಗೆ ಚೀಲ, ಗಾಳಿಯಾಡುವ ಜಗಲಿ ಇವಿಲ್ಲದೆ ಡಬ್ಬಿಯ ಮುಚ್ಚಳವನ್ನು ತೆರೆಯಬಾರದು. ರಾಳವನ್ನು ತೂಗಿದ ತಕ್ಕಡಿಯು ಮತ್ತೆ ಅಡಿಗೆಮನೆಗೆ ಹೋಗಬಾರದು.

ಅಂದಕ್ಕಾಗಿ ಇಂಗಾಲದ ನಾರನ್ನು ಬಯಸುವವರಿಗೆ ಇನ್ನೊಂದು ಮಾತು. ಅದು ವಿದ್ಯುತ್ತನ್ನು ಹರಿಯಿಸುವ ವಸ್ತು. ಬ್ಯಾಟರಿಯ ತುದಿಗಳಿಗೆ ತಗುಲದಂತೆ ಅದನ್ನು ದೂರದಲ್ಲಿಯೇ ಬಿಗಿಯಬೇಕು.